ಲಮ್ಜುಂಗ್‌ನ ಹಳ್ಳಿ ಶಾಲೆಯಲ್ಲಿ ಮೂರು ತಿಂಗಳು ಪಾಠ ಹೇಳಲು ಹೋಗುವುದು ಸರಿಯೇ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಐದು ವರ್ಷ ಗಣಿತ ಪಾಠ ಮಾಡಿ ಈಗ ಆ ಕೆಲಸ ಬಿಟ್ಟಿದ್ದೇನೆ. ಬೇರೆ ಕಡೆ ಸೇರುವ ಮುನ್ನ ಕೆಲವು ತಿಂಗಳ ಬಿಡುವಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ, ನರ್ಸಿಂಗ್ ಓದಲು ಬಂದಿದ್ದ ನೇಪಾಳದ ಗೆಳತಿಯ ಊರು ಲಮ್ಜುಂಗ್ ಜಿಲ್ಲೆಯ ಗುಡ್ಡಗಾಡಿನಲ್ಲಿದೆ. ಅಲ್ಲಿಯ ಸರ್ಕಾರಿ ಶಾಲೆಗೆ ಮೂರು ತಿಂಗಳ ಮಟ್ಟಿಗೆ ಬಂದು ಪಾಠ ಹೇಳಿಕೊಡಬಹುದೇ ಎಂದು ಅವಳು ತನ್ನ ಸೋದರಮಾವನ ಮೂಲಕ ಕೇಳಿಸಿದ್ದಾಳೆ. ಸೋದರಮಾವ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿದ್ದಾರೆ. ಉಳಿಯುವ ವ್ಯವಸ್ಥೆ ಅವಳ ಮನೆಯಲ್ಲಲ್ಲ, ಪಕ್ಕದ ಗುರುಂಗ್ ಕುಟುಂಬವೊಂದರಲ್ಲಿ. ಅಲ್ಲಿ ಅಜ್ಜಿ, ಸೊಸೆ ಮತ್ತು ಇಬ್ಬರು ಮಕ್ಕಳಿದ್ದಾರೆ. ಮನೆಯ ಯಜಮಾನ ಕತಾರ್‌ನಲ್ಲಿ ದುಡಿಯುತ್ತಿದ್ದಾರೆ.

ಇದಕ್ಕೆ ಮೊದಲು ನಾನು ಮಧ್ಯವರ್ತಿ ಸಂಸ್ಥೆಯೊಂದನ್ನು ವಿಚಾರಿಸಿದ್ದೆ. ಅವರು ವಾರಕ್ಕಿಷ್ಟು ಶುಲ್ಕ ಹೇಳಿದರೇ ಹೊರತು ಯಾವ ಶಾಲೆ, ಯಾವ ತರಗತಿ ಎಂದು ಕೊನೆಯವರೆಗೂ ಹೇಳಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆ. ಜೂನ್ ಮೊದಲ ವಾರದಲ್ಲಿ ಹೊರಡಬೇಕೆಂದಿದ್ದೇನೆ. ಓದಲು ಬರುವಷ್ಟು ಹಿಂದಿ ಇದೆ, ನೇಪಾಳಿ ಇಲ್ಲ. ನಾನು ಹೋಗುವುದರಿಂದ ಆ ಮಕ್ಕಳಿಗೆ ನಿಜವಾಗಿಯೂ ಏನಾದರೂ ದಕ್ಕೀತೇ ಅಥವಾ ಅದು ಬರೀ ನನ್ನ ಸಮಾಧಾನಕ್ಕೆ ಮಾಡುವ ಪ್ರಯಾಣವೇ ಎಂಬುದನ್ನು ಅನುಭವವಿದ್ದವರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಗಂಡಕಿ ತೀರ

ಜೂನ್ ಬೇಡ. 2015ರ ಭೂಕಂಪದ ಮರುವರ್ಷ ಪಕ್ಕದ ಗೋರ್ಖಾ ಜಿಲ್ಲೆಯ ಶಾಲೆಯೊಂದರಲ್ಲಿ ಐದು ತಿಂಗಳಿದ್ದೆ; ಆಗ ನಾನು ಮಾಡಿದ ಮೊದಲ ತಪ್ಪೇ ಇದು. ಅಲ್ಲಿಯ ಶೈಕ್ಷಣಿಕ ವರ್ಷ ಬೈಶಾಖದಲ್ಲಿ, ಅಂದರೆ ನಮ್ಮ ಏಪ್ರಿಲ್ ಮಧ್ಯದಲ್ಲಿ ಆರಂಭವಾಗುತ್ತದೆ. ಜೂನ್ ಮಧ್ಯದಿಂದ ಅಸಾರ್ ತಿಂಗಳು, ಭತ್ತದ ನಾಟಿಯ ಕಾಲ. ದೊಡ್ಡ ಮಕ್ಕಳು ಗದ್ದೆಯಲ್ಲಿರುತ್ತಾರೆ, ಗುಡ್ಡ ಕುಸಿದು ರಸ್ತೆ ನಿಲ್ಲುತ್ತದೆ, ಆಮೇಲೆ ಮಳೆಗಾಲದ ರಜೆಯೂ ಬರುತ್ತದೆ. ನಿಮ್ಮ ಮೂರು ತಿಂಗಳಲ್ಲಿ ಪಾಠ ನಡೆಯುವ ದಿನಗಳನ್ನು ಬೆರಳೆಣಿಸಬೇಕಾದೀತು. ದಶೈನ್ ಮತ್ತು ತಿಹಾರ್ ಹಬ್ಬಗಳು ಮುಗಿದ ಮೇಲೆ, ಕಾರ್ತಿಕದ ಕೊನೆಯಲ್ಲಿ ಹೋದರೆ ಆಕಾಶ ತಿಳಿಯಾಗಿರುತ್ತದೆ, ಸುಗ್ಗಿ ಮುಗಿಯುತ್ತಾ ಬಂದಿರುತ್ತದೆ, ಮಕ್ಕಳು ತರಗತಿಗೆ ಮರಳಿರುತ್ತಾರೆ.

ಅಲ್ಲಿಯ ದಿನಚರಿ ನಿಮ್ಮ ಹೊಟ್ಟೆಯನ್ನು ಮೊದಲ ವಾರ ಗೊಂದಲಕ್ಕೆ ಹಾಕುತ್ತದೆ. ಬೆಳಗ್ಗೆ ಎದ್ದ ಕೂಡಲೇ ಚಹಾ, 9 ಗಂಟೆಗೆ ಪೂರ್ತಿ ಊಟ (ದಾಲ್, ಭಾತ್, ತರಕಾರಿ), 10ರಿಂದ 4ರವರೆಗೆ ಶಾಲೆ, ನಡುವೆ ಖಾಜಾ ಎಂಬ ಸಣ್ಣ ತಿಂಡಿ, ರಾತ್ರಿ 7ಕ್ಕೆ ಮತ್ತೆ ಅದೇ ದಾಲ್ ಭಾತ್. ನಾನಿದ್ದಾಗ ಭಾನುವಾರ ಶಾಲೆಯಿತ್ತು, ಶುಕ್ರವಾರ ಅರ್ಧ ದಿನ, ಶನಿವಾರ ರಜೆ. ಈ ಶನಿವಾರದ ರಜೆಯನ್ನು ನಾನಿದ್ದ ಊರಿನವರು ದೇವರ ಕೃಪೆಯೆಂದೇ ಹೇಳುತ್ತಿದ್ದರು. ಏಪ್ರಿಲ್ 25ರ ಆ 7.8 ತೀವ್ರತೆಯ ಕಂಪನ ಬಂದದ್ದು ಶನಿವಾರದ ನಡುಹಗಲು. ಮರುದಿನ ಬಂದಿದ್ದರೆ ಕುಸಿದ ಆ ಕಲ್ಲುಗೋಡೆಗಳ ಅಡಿಯಲ್ಲಿ ಮಕ್ಕಳಿರುತ್ತಿದ್ದರು. ನಾನು ಪಾಠ ಮಾಡಿದ್ದು ಬಿದಿರು ಮತ್ತು ತಗಡಿನ ತಾತ್ಕಾಲಿಕ ಕೊಠಡಿಯಲ್ಲಿ. ಮಳೆ ಬಂದರೆ ತಗಡಿನ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ, ಎಲ್ಲರೂ ಸುಮ್ಮನೆ ಕೂತು ಬರೆಯುತ್ತಿದ್ದೆವು.

ನೀವು ಗಣಿತದವರು ಎಂಬುದು ನಿಮಗೆ ಅನುಕೂಲ. ನೇಪಾಳಿ ಮಾಧ್ಯಮದ ಪುಸ್ತಕದಲ್ಲಿ ಅಂಕಿಗಳು ದೇವನಾಗರಿಯವು, ಅದಕ್ಕೆ ಒಂದು ವಾರ ಸಾಕು. ತ್ರಿಭುಜ, ವೃತ್ತ, ವ್ಯಾಸ, ಭಿನ್ನ ಎಂಬ ಪದಗಳನ್ನು ಕಂಡಾಗ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪರಿಚಿತರನ್ನು ಕಂಡಂತಾಗುತ್ತದೆ. ಇಂಗ್ಲಿಷಿನಲ್ಲಷ್ಟೇ ಗಣಿತ ಓದಿದ ನನ್ನ ಸಹೋದ್ಯೋಗಿಯೊಬ್ಬರಿಗೆ ಈ ಸೌಲಭ್ಯ ಇರಲಿಲ್ಲ.

ಕಬಿನಿ ಮೇಷ್ಟ್ರು

ನಾನು ನೇಪಾಳ ನೋಡಿದವನಲ್ಲ. ಆದರೆ ನಿಮ್ಮ ಪ್ರಶ್ನೆಯ ಮತ್ತೊಂದು ತುದಿಯಲ್ಲಿ ನಿಂತಿದ್ದವನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ವಿದೇಶಗಳಿಂದ ಸ್ವಯಂಸೇವಕರು ತಂಡತಂಡವಾಗಿ ಬರುತ್ತಿದ್ದರು. ಒಳ್ಳೆಯ ಮಕ್ಕಳು, ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಬಂದವರು ಎರಡು ವಾರ ಇರುತ್ತಿದ್ದರು, ಮೊದಲ ವಾರ ಗೋಡೆಗೆ ಬಣ್ಣ ಬಳಿಯುತ್ತಿದ್ದರು, ಎರಡನೆಯ ವಾರ ಇಂಗ್ಲಿಷ್ ಹಾಡು ಕಲಿಸುತ್ತಿದ್ದರು. ಒಂದೇ ಗೋಡೆ ಮೂರು ವರ್ಷದಲ್ಲಿ ನಾಲ್ಕು ಬಾರಿ ಬಣ್ಣ ಕಂಡಿತು. ಶೌಚಾಲಯದ ಬಾಗಿಲಿನ ಚಿಲಕ ಮಾತ್ರ ಹಾಗೆಯೇ ಮುರಿದಿತ್ತು, ಏಕೆಂದರೆ ಚಿಲಕ ಹಾಕುವ ಕೆಲಸದ ಫೋಟೋ ಚೆನ್ನಾಗಿ ಬರುವುದಿಲ್ಲ.

ಅದಕ್ಕಿಂತ ನನ್ನನ್ನು ಕಾಡಿದ್ದು ಎರಡು ವಿಷಯಗಳು. ಒಂದು, ಹೊರಡುವ ದಿನ ಒಂದನೇ ತರಗತಿಯ ಮಕ್ಕಳು ಅಳುತ್ತಿದ್ದುದು. ಹೊಸ ಅಕ್ಕ ಬರುವುದು, ಎತ್ತಿಕೊಳ್ಳುವುದು, ಹೋಗುವುದು, ಮತ್ತೊಬ್ಬ ಅಕ್ಕ ಬರುವುದು. ನಾಲ್ಕನೆಯ ತಂಡ ಬರುವ ಹೊತ್ತಿಗೆ ಕೆಲವು ಮಕ್ಕಳು ಹತ್ತಿರ ಹೋಗುವುದನ್ನೇ ನಿಲ್ಲಿಸಿದ್ದರು. ಎರಡನೆಯದು ನಮ್ಮ ಮೇಡಂ ಒಬ್ಬರ ಮಾತು. ಅವರು ಹದಿನಾಲ್ಕು ವರ್ಷ ನಲಿ–ಕಲಿ ತರಗತಿ ನಡೆಸಿದವರು. ತಮ್ಮ ಕುರ್ಚಿಯನ್ನು ಇಪ್ಪತ್ತು ವರ್ಷದ ಹುಡುಗಿಗೆ ಬಿಟ್ಟುಕೊಟ್ಟು ಹಿಂದೆ ನಿಂತು, "ಸಾರ್, ಇಷ್ಟು ದಿನ ನಾನು ಮಾಡಿದ್ದು ಪಾಠ ಅಲ್ಲವೇನೋ" ಎಂದರು. ಆ ಹುಡುಗಿಗೆ ಅದು ಗೊತ್ತೂ ಆಗಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಅಲ್ಲಿಯ ಶಿಕ್ಷಕರ ಬದಲಿಗೆ ನಿಲ್ಲಬೇಡಿ, ಅವರ ಪಕ್ಕದಲ್ಲಿ ಕೂರಿ. ಮುಖ್ಯ ಶಿಕ್ಷಕರಿಗೆ ಮೊದಲೇ ಪತ್ರ ಬರೆದು "ನಿಮಗೆ ಯಾವುದರಲ್ಲಿ ಕೈ ಸಾಲದು" ಎಂದು ಕೇಳಿ. ಉತ್ತರ ಬರದಿದ್ದರೆ ಅಥವಾ "ಏನಾದರೂ ಮಾಡಿ, ಬಂದರೆ ಸಾಕು" ಎಂದು ಬಂದರೆ ಹೋಗಬೇಡಿ.

ಎಡಿಸನ್ ಅಪ್ಪ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಮ್ಮ ಮಗನಿಗೂ ಇಂಥದ್ದೇ ಆಸೆಯಿತ್ತು, ಆದರೆ ಅವನದು ಅಮೆರಿಕದ ಪಾಸ್‌ಪೋರ್ಟ್. ಈ ಎಳೆಯನ್ನು ಓದುವ ಹೊರದೇಶದ ಕನ್ನಡಿಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭಾರತದ ಪ್ರಜೆಗಳಿಗೆ ನೇಪಾಳ ಪ್ರವೇಶಿಸಲು ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಕಾರ್ಡನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ, ಅದನ್ನು ಒಪ್ಪುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಇತರ ದೇಶದವರು ನಿಲ್ದಾಣದಲ್ಲೇ ಪ್ರವಾಸಿ ವೀಸಾ ಪಡೆಯಬಹುದಾದರೂ ಆ ವೀಸಾದಲ್ಲಿ ಸಂಬಳವಿಲ್ಲದ ಸೇವೆಯನ್ನೂ ಮಾಡುವಂತಿಲ್ಲ. ಎಷ್ಟೋ ಮಧ್ಯವರ್ತಿಗಳು ಇದನ್ನು ಹೇಳುವುದೇ ಇಲ್ಲ.

ಇನ್ನೊಂದು ಮಾತು. ಶಾಲೆಯ ಹೆಸರಿನಲ್ಲಿ ಅನಾಥಾಲಯಕ್ಕೆ ಕಳುಹಿಸುವವರೂ ಇದ್ದಾರೆ. ನೇಪಾಳದ ಮಕ್ಕಳ ಆಶ್ರಮಗಳಲ್ಲಿ ಹೆಚ್ಚಿನವು ಪ್ರವಾಸಿಗರು ಓಡಾಡುವ ಕೆಲವೇ ಜಿಲ್ಲೆಗಳಲ್ಲಿ ತುಂಬಿಕೊಂಡಿವೆ, ಅಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಊರಿನಲ್ಲಿದ್ದಾರೆ. ಬರುವವರ ಹಣಕ್ಕಾಗಿಯೇ ಮಕ್ಕಳನ್ನು ಹಳ್ಳಿಯಿಂದ ತರುವ ದಂಧೆ ಅದು. ನೀವು ಮಧ್ಯವರ್ತಿಯನ್ನು ಬಿಟ್ಟು ಗೆಳತಿಯ ಊರನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು.

ಬೆಣ್ಣೆನಗರಿ

ಎಲ್ಲರಿಗೂ ವಂದನೆಗಳು. ಪ್ರಯಾಣವನ್ನು ನವೆಂಬರಿಗೆ ಮುಂದೂಡಿದ್ದೇನೆ. ಮೇಷ್ಟ್ರು ಹೇಳಿದಂತೆ ಮುಖ್ಯ ಶಿಕ್ಷಕರಿಗೆ ಬರೆದೆ. ಎರಡು ವಾರದ ನಂತರ ಉತ್ತರ ಬಂತು: ಇಂಗ್ಲಿಷ್ ಹೇಳಿಕೊಡಿ ಎಂದು ಎಲ್ಲರೂ ಕೇಳುತ್ತಾರೆಂದು ನಾನು ಅಂದುಕೊಂಡಿದ್ದೆ, ಅವರು ಕೇಳಿದ್ದು ಆರರಿಂದ ಎಂಟನೇ ತರಗತಿಯ ಭಿನ್ನರಾಶಿ. ಈಗ ನನ್ನ ಅಳುಕು ಶಾಲೆಯ ಬಗ್ಗೆಯಲ್ಲ, ಮನೆಯ ಬಗ್ಗೆ. ಬೇರೆಯವರ ಮನೆಯಲ್ಲಿ ನಾನು ಮೂರು ದಿನಕ್ಕಿಂತ ಹೆಚ್ಚು ಉಳಿದವಳಲ್ಲ. ನಾನು ಸಸ್ಯಾಹಾರಿ. ಹಣ ಎಷ್ಟು ಕೊಡಬೇಕು, ಯಾರ ಕೈಗೆ ಕೊಡಬೇಕು, ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದೊಂದೂ ತಿಳಿಯುತ್ತಿಲ್ಲ.

ಗಂಡಕಿ ತೀರ

ಸರಿಯಾದ ಅಳುಕು. ಶಾಲೆಯಲ್ಲಿ ನೀವಿರುವುದು ಆರು ಗಂಟೆ, ಉಳಿದ ಹದಿನೆಂಟು ಗಂಟೆ ಮನೆಯಲ್ಲಿ. ಊರು ನಿಮ್ಮನ್ನು ಅಳೆಯುವುದೂ ಮನೆಯಲ್ಲೇ.

ಹಣದ ಮಾತನ್ನು ಹೋಗುವ ಮೊದಲೇ ಗೆಳತಿಯ ಮೂಲಕ ಆಡಿ ಮುಗಿಸಿ. "ನೀವು ಅತಿಥಿ, ದುಡ್ಡು ಏಕೆ" ಎಂದು ಮೊದಲು ಹೇಳಿಯೇ ಹೇಳುತ್ತಾರೆ, ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಅಕ್ಕಿ, ಸೌದೆ, ಬಿಸಿನೀರು ಎಲ್ಲಕ್ಕೂ ಖರ್ಚಿದೆ. ಕತಾರ್‌ನಿಂದ ಬರುವ ಹಣದಲ್ಲಿ ಹೆಚ್ಚಿನ ಪಾಲು ಹೋಗುವಾಗ ಮಾಡಿದ ಸಾಲಕ್ಕೆ ಮತ್ತು ಮಕ್ಕಳ ಫೀಜಿಗೆ ಹೋಗುತ್ತಿರುತ್ತದೆ. ತಿಂಗಳಿಗಿಷ್ಟು ಎಂದು ನಿಗದಿ ಮಾಡಿ, ಅಡುಗೆ ಮಾಡುವವರ ಕೈಗೆ, ನಿಮ್ಮ ಸಂದರ್ಭದಲ್ಲಿ ಆ ಸೊಸೆಯ ಕೈಗೆ, ತಿಂಗಳ ಮೊದಲ ದಿನ ಕೊಡಿ. ಆಗಾಗ ಐನೂರು, ಸಾವಿರ ಎಂದು ತುರುಕುವುದು ಇಬ್ಬರಿಗೂ ಮುಜುಗರ. ನಮ್ಮ ಒಂದು ರೂಪಾಯಿಗೆ ಅವರ 1.60 ಎಂಬ ದರ 1993ರಿಂದ ಬದಲಾಗಿಲ್ಲವಾದ್ದರಿಂದ ಲೆಕ್ಕ ಸುಲಭ.

ಜೂಠೋ ಎಂಬ ಪದವನ್ನು ಮೊದಲ ದಿನವೇ ಕಲಿಯಿರಿ. ಎಂಜಲು. ನಮ್ಮಲ್ಲಿ ಎಂಜಲು–ಮುಸುರೆಯ ಲೆಕ್ಕವಿರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಉಣ್ಣುವ ಕೈಯಿಂದ ಸಟ್ಟುಗ ಮುಟ್ಟಬಾರದು, ನೀರಿನ ತಂಬಿಗೆಯನ್ನು ಮೇಲೆತ್ತಿ ಕುಡಿಯಬೇಕು, ಇಷ್ಟೇ. ಯುರೋಪಿನವರು ಇದನ್ನು ತಿಂಗಳುಗಟ್ಟಲೆ ಕಲಿಯುವುದನ್ನು ನೋಡಿದ್ದೇನೆ. ಒಲೆಯ ಬಳಿಗೆ ಕರೆಯದೆ ಹೋಗಬೇಡಿ, ಕರೆದ ಮೇಲೆ ದೂರ ಕೂರಲೂ ಬೇಡಿ. ಸಸ್ಯಾಹಾರದ ವಿಷಯ ಮೊದಲೇ ತಿಳಿಸಿ. ಗುರುಂಗ್ ಮನೆಯಲ್ಲಿ ಅತಿಥಿಗೆಂದು ಕೋಳಿ ಕೊಯ್ದ ಮೇಲೆ ಹೇಳಿದರೆ ಅವರಿಗೆ ನಷ್ಟ, ನಿಮಗೆ ಸಂಕಟ. ಕೋದೋ ಎಂದರೆ ನಮ್ಮ ರಾಗಿ. ಅದರ ಧಿಂಡೋ ಎಂದರೆ ಮುದ್ದೆಯ ಅಣ್ಣ. ಗುಂದ್ರುಕ್ ಎಂಬ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು ಜೊತೆಗಿದ್ದರೆ ಬೇರೇನೂ ಬೇಡ. ಅದೇ ಕೋದೋದಿಂದ ರಕ್ಸಿ ಎಂಬ ಸಾರಾಯಿಯನ್ನೂ ಕಾಯಿಸುತ್ತಾರೆ. ಬೇಡವಾದರೆ ಲೋಟದ ಮೇಲೆ ಅಂಗೈ ಇಟ್ಟರೆ ಸಾಕು, ಭಾಷಣ ಬೇಕಿಲ್ಲ.

ಮಾತಿನಲ್ಲಿ ನಮ್ಮ ನೀನು–ನೀವು ಇದ್ದಂತೆ ತಾಂ, ತಿಮಿ, ತಪಾಈಂ ಎಂಬ ಮೂರು ಮೆಟ್ಟಿಲುಗಳಿವೆ, ಕೊನೆಯದು ಹೆಚ್ಚು ಗೌರವದ್ದು. ಕಲಿಯುವ ತನಕ ಎಲ್ಲರಿಗೂ, ಮಗುವಿಗೂ, ತಪಾಈಂ ಎನ್ನಿ; ನಗುತ್ತಾರೆ, ಬೇಸರಿಸುವುದಿಲ್ಲ. ಅಜ್ಜಿಗೆ ಆಮಾ, ಸೊಸೆಗೆ ವಯಸ್ಸು ನೋಡಿ ದಿದಿ ಅಥವಾ ಬಹಿನಿ. ದಾರಿಯಲ್ಲಿ ಸಿಕ್ಕವರೆಲ್ಲ "ಖಾನಾ ಖಾನುಭಯೋ?" ಎನ್ನುತ್ತಾರೆ. ನಮ್ಮ "ಊಟ ಆಯ್ತಾ?" ಎಂಬಷ್ಟೇ ಅದರರ್ಥ, ಊಟಕ್ಕೆ ಕರೆದರೆಂದು ತಿಳಿಯಬೇಡಿ.

ಕೋಲಾರ ಗಡಿ

ಇಲ್ಲಿಯವರೆಗೆ ಯಾರೂ ಎತ್ತದ ಮಾತೊಂದನ್ನು ಎತ್ತುತ್ತೇನೆ. ಎಂಜಲಿನ ಲೆಕ್ಕ ಗೊತ್ತಿರುವುದು ಅನುಕೂಲವೆಂದು ಮೇಲಿನವರು ಬರೆದಿದ್ದಾರೆ. ಆ ಲೆಕ್ಕದ ಇನ್ನೊಂದು ಪುಟ ನಮಗೂ ಗೊತ್ತಿದೆ. ನಾನು ದಲಿತ. ನೇಪಾಳದ ಪಶ್ಚಿಮದ ಗುಡ್ಡವೊಂದರಲ್ಲಿ ಮೇಲ್ಜಾತಿಯ ಮನೆಯಲ್ಲಿ ನನ್ನನ್ನು ಉಳಿಸಿದ್ದರು. ಹೆಸರು ಹೇಳಿದೆ, "ಥರ್ ಏನು?" ಎಂಬ ಪ್ರಶ್ನೆ ಬಂತು, ಅಂದರೆ ಮನೆತನದ ಹೆಸರು. ಕರ್ನಾಟಕದವನು ಎಂದ ಕೂಡಲೇ ಮನೆಯ ಹಿರಿಯರ ಮುಖ ಅರಳಿತು, ಏಕೆಂದರೆ ಪಶುಪತಿನಾಥದ ಪೂಜೆಗೆ ನಮ್ಮ ಕಡೆಯ ಭಟ್ಟರು ತಲೆಮಾರುಗಳಿಂದ ಹೋಗುತ್ತಿರುವುದು ಅಲ್ಲಿ ಎಲ್ಲರಿಗೂ ಗೊತ್ತು. ನಾನೂ ಅದೇ ಕಡೆಯವನೆಂದು ಅವರೇ ತೀರ್ಮಾನಿಸಿಕೊಂಡರು. ನಾನು ಎರಡು ದಿನ ಸುಮ್ಮನಿದ್ದೆ, ಮೂರನೆಯ ದಿನ ಇದ್ದದ್ದನ್ನು ಹೇಳಿದೆ. ಯಾರೂ ಒರಟಾಗಿ ಮಾತನಾಡಲಿಲ್ಲ. ತಟ್ಟೆ ಮಾತ್ರ ಆ ರಾತ್ರಿಯಿಂದ ಜಗಲಿಗೆ ಬರತೊಡಗಿತು.

2011ರಲ್ಲೇ ಜಾತಿ ಆಧಾರಿತ ಭೇದ ಮತ್ತು ಅಸ್ಪೃಶ್ಯತೆಯನ್ನು ಅಪರಾಧವಾಗಿಸುವ ಕಾನೂನು ಆ ದೇಶದಲ್ಲಿ ಬಂದಿದೆ. ನಾನು ದೂರು ಕೊಡಲು ಹೋಗಲಿಲ್ಲ, ಮನೆ ಬದಲಿಸಿಕೊಂಡೆ. ಶಾಲೆಯ ಸಹಾಯಕರು ತಮ್ಮ ಮನೆಗೆ ಕರೆದರು, ಅಲ್ಲಿ ಇಡೀ ಮಳೆಗಾಲ ಚೆನ್ನಾಗಿ ಕಳೆದೆ. ಮನೆ ಆರಿಸುವವರು ಊರಿನ ಪ್ರಮುಖರಾದಾಗ ಅವರು ಯಾರ ಮನೆಯನ್ನು "ಒಳ್ಳೆಯ ಮನೆ" ಎನ್ನುತ್ತಾರೆ ಎಂಬುದನ್ನೂ ಕೇಳಿ. ಯಾವ ಮನೆಯ ಜಗಲಿಯ ಮೇಲೆ ನೀವು ಕೂರುತ್ತೀರೋ ಅದರ ಮೇಲೆ ಯಾವ ಮಕ್ಕಳು ನಿಮ್ಮ ಹತ್ತಿರ ಬಂದಾರು ಎಂಬುದೂ ನಿಂತಿರುತ್ತದೆ.

ತುಂಗೆಯ ತಂಗಿ

ಕೋಲಾರದ ಅಣ್ಣನ ಮಾತಿಗೆ ಸೇರಿಸುವಂತೆ ಹೆಣ್ಣುಮಕ್ಕಳ ವಿಷಯವೊಂದಿದೆ. ಮುಟ್ಟಿನ ದಿನಗಳ ಪದ್ಧತಿ ಆ ಮನೆಯಲ್ಲಿ ಹೇಗೆ ಎಂಬುದನ್ನು ಗೆಳತಿಯನ್ನು ನೇರವಾಗಿ ಕೇಳಿ. ದೂರ ಪಶ್ಚಿಮದ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳನ್ನು ಗುಡಿಸಲಲ್ಲಿ ಮಲಗಿಸುವ ಛಾವುಪಡಿಯನ್ನು 2018ರ ಆಗಸ್ಟಿನಿಂದ ಶಿಕ್ಷಾರ್ಹ ಅಪರಾಧವಾಗಿಸಲಾಗಿದೆ. ಲಮ್ಜುಂಗ್‌ನ ಗುರುಂಗರಲ್ಲಿ ಅಂಥದ್ದಿಲ್ಲ, ಆದರೂ ಮನೆಗೊಂದು ಮಡಿ ಇರುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ನೋಡಿಲ್ಲವೇ? ಆಮೇಲೆ, ಹಣ್ಣಾದ ಕಿತ್ತಳೆ ತಿನ್ನಲಿಕ್ಕಾದರೂ ನವೆಂಬರ್ ಒಳ್ಳೆಯದು. ಮಳೆಯಲ್ಲಿ ಹೋಗಿದ್ದರೆ ಉಂಬಳಗಳಿಗೆ ನೀವೇ ಹಬ್ಬದೂಟವಾಗುತ್ತಿದ್ದಿರಿ.

ಬೆಣ್ಣೆನಗರಿ

ಬಹಳ ತಿಂಗಳ ನಂತರ ಬರೆಯುತ್ತಿದ್ದೇನೆ. ಫೆಬ್ರವರಿ ಮೊದಲ ವಾರ ಊರಿಗೆ ಮರಳಿದೆ. ಹೋಗುವ ಮೊದಲು ಇಷ್ಟು ಜನ ಬರೆದಿದ್ದೀರಿ, ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಒಪ್ಪಿಸುವುದು ನ್ಯಾಯ.

ಗೋರಖ್‌ಪುರದವರೆಗೆ ರೈಲು, ಸುನೌಲಿಯಲ್ಲಿ ಗಡಿ, ಡುಮ್ರೆಯವರೆಗೆ ಬಸ್ಸು, ಅಲ್ಲಿಂದ ಬೇಸಿಶಹರ್, ಕೊನೆಗೆ ಜೀಪು. ಗಡಿ ದಾಟಿದ ಮೇಲೆ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿದೆ. ಮೇಷ್ಟ್ರ ಮಾತಿನಂತೆ ಮೊದಲ ಎರಡು ವಾರ ಸೀಮೆಸುಣ್ಣ ಮುಟ್ಟದೆ ಹಿಂದಿನ ಬೆಂಚಿನಲ್ಲಿ ಕೂತೆ. ಆರನೇ ತರಗತಿಯಲ್ಲಿದ್ದವರು ಒಂಬತ್ತೇ ಮಕ್ಕಳು. ಊರಿನಲ್ಲಿ ಮಕ್ಕಳೇ ಕಡಿಮೆ. ಅನುಕೂಲವಿದ್ದ ಮನೆಗಳವರು ಬೇಸಿಶಹರಿನ ಬೋರ್ಡಿಂಗ್‌ಗೆ ಸೇರಿಸಿದ್ದಾರೆ. ಬೋರ್ಡಿಂಗ್ ಎಂದರೆ ಅಲ್ಲಿ ಹಾಸ್ಟೆಲ್ ಅಲ್ಲ, ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆ. ಸನ್ಯಾಸಿನಿಯರೇ ಇಲ್ಲದ ಶಾಲೆಯನ್ನೂ ನಾವು ಕಾನ್ವೆಂಟ್ ಎನ್ನುವ ಹಾಗೆ.

ಮೂರನೆಯ ವಾರ ನಾನು ಎಡವಿದೆ. ಭಿನ್ನರಾಶಿಗಳ ಭಾಗಾಕಾರಕ್ಕೆ ನನ್ನ ಸುಲಭದ ಸೂತ್ರವೊಂದನ್ನು ಮಕ್ಕಳಿಗೆ ಹೇಳಿಕೊಟ್ಟೆ. ಮಕ್ಕಳು ಉತ್ತರ ಬೇಗ ಬರೆದರು, ನಾನು ಹಿಗ್ಗಿದೆ. ಮರುದಿನ ಗಣಿತದ ಸರ್ ತಮ್ಮ ಕ್ರಮದಲ್ಲಿ ಮುಂದುವರಿಸಿದಾಗ ಅರ್ಧ ತರಗತಿ "ಮಿಸ್ ಹೇಳಿದ್ದು ಹೀಗಲ್ಲ" ಎಂದಿತು. ಅವರು ಏನೂ ಹೇಳಲಿಲ್ಲ, ಆದರೆ ಖಾಜಾದ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂರಲಿಲ್ಲ. ಕುರ್ಚಿ ಬಿಟ್ಟುಕೊಟ್ಟ ಆ ಮೇಡಂ ನೆನಪಾದರು. ಸಂಜೆ ಸರ್ ಮನೆಗೆ ಹೋಗಿ ಕ್ಷಮೆ ಕೇಳಿದೆ, ಆಮೇಲೆ ಪ್ರತಿ ಪಾಠವನ್ನೂ ಹಿಂದಿನ ದಿನವೇ ಇಬ್ಬರೂ ಕೂತು ಮಾತನಾಡಿಕೊಂಡೆವು. ಕಾಗದದ ಪಟ್ಟಿ ಮಡಚಿ ಅರ್ಧ, ಕಾಲು, ಅರೆಕಾಲು ತೋರಿಸುವ ಕ್ರಮ ನನ್ನದು. ಕಿತ್ತಳೆಯ ತೊಳೆ ಎಣಿಸಿ ತೋರಿಸುವುದು ಅವರದು. ಯಾವುದು ಗೆದ್ದಿತೆಂದು ಹೇಳಬೇಕಿಲ್ಲ.

ನಾನು ಯೋಚಿಸಿಯೇ ಇರದ ಕೆಲಸವೊಂದು ಎರಡನೆಯ ತರಗತಿಯಲ್ಲಿ ಸಿಕ್ಕಿತು. ಆ ಮಕ್ಕಳು ಮನೆಯಲ್ಲಿ ಗುರುಂಗ್ ಭಾಷೆಯಾಡುತ್ತಾರೆ, ನೇಪಾಳಿ ಅವರಿಗೆ ಶಾಲೆಯ ಭಾಷೆ, ಓದಲು ಹಿಂಜರಿಯುತ್ತಾರೆ. 2021ರ ಜನಗಣತಿಯಲ್ಲಿ ಆ ದೇಶದ 124 ಭಾಷೆಗಳು ದಾಖಲಾಗಿವೆ, ನೇಪಾಳಿಯನ್ನು ತಾಯ್ನುಡಿ ಎಂದವರು ಅರ್ಧಕ್ಕಿಂತ ಕಡಿಮೆ. ಒಂದು ದಿನ ಭಾಷೆಯ ಮಿಸ್ ರಜೆ ಹಾಕಿದಾಗ ಅವರ ಪಠ್ಯವನ್ನು ನಾನೇ ಗಟ್ಟಿಯಾಗಿ ಓದಿದೆ. ಕನ್ನಡದವಳಾದ್ದರಿಂದ ಶ, ಷ, ಸ ಮೂರನ್ನೂ ಬೇರೆಬೇರೆಯಾಗಿ, ವಕಾರವನ್ನು ವಕಾರವಾಗಿಯೇ ಉಚ್ಚರಿಸಿದೆ. ನೇಪಾಳಿಗರ ಬಾಯಲ್ಲಿ ಆ ಮೂರೂ ಬಹುಮಟ್ಟಿಗೆ ಸಕಾರವೇ, ವಕಾರ ಎಷ್ಟೋ ಕಡೆ ಬಕಾರ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಎದ್ದು ಬಂದು, ಸಾಲಿನ ಮೇಲೆ ಬೆರಳಿಟ್ಟು, ನನಗೆ ಹೇಗೆ ಓದಬೇಕೆಂದು ಹೇಳಿಕೊಟ್ಟಳು. ಅಂದಿನಿಂದ ದಿನಕ್ಕೆ ಒಂದು ಪುಟ ನಾನು ತಪ್ಪಾಗಿ ಓದುವುದು, ಅವರು ತಿದ್ದುವುದು. ಮೊದಲ ವಾರದ ನಂತರ ಬೇಕೆಂದೇ ತಪ್ಪುವ ಅಗತ್ಯ ಬೀಳುತ್ತದೆಂದುಕೊಂಡಿದ್ದೆ, ಬೀಳಲಿಲ್ಲ.

ಮನೆಯ ವಿಷಯ: ನಮ್ಮದು ರೊಟ್ಟಿ ಸೀಮೆ, ಮುದ್ದೆ ನುಂಗುವುದನ್ನು ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ಕಲಿತವಳು. ಧಿಂಡೋವನ್ನು ಅಗಿಯದೆ ನುಂಗಿದ್ದನ್ನು ಕಂಡ ಮೇಲೆ ಆಮಾ ನನ್ನ ಬಗ್ಗೆ ಚಿಂತಿಸುವುದನ್ನು ಬಿಟ್ಟರು. ದಿದಿಯ ಜೊತೆ ಸೊಪ್ಪು ಸೋಸುವುದು, ಮೇಕೆಗೆ ಮೇವು ತರುವುದು ನನ್ನ ಪಾಲಿಗೆ ಬಂತು. ರಾತ್ರಿ ಕತಾರ್‌ನಿಂದ ಫೋನು ಬಂದಾಗ ನಾನು ಹೊರಗೆ ಜಗಲಿಗೆ ಹೋಗುತ್ತಿದ್ದೆ, ಇದನ್ನು ಯಾರೂ ಹೇಳಿಕೊಡಲಿಲ್ಲ. ಕೋಲಾರದವರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಶನಿವಾರಗಳಂದು ಕೆಳಗಿನ ಕೇರಿಯ ಮನೆಗಳಿಗೂ ಹೋಗುತ್ತಿದ್ದೆ. ಮೊದಲ ಸಲ ಆಮಾ ಮೌನವಾಗಿದ್ದರು. ಮೂರನೆಯ ಸಲ ಅಲ್ಲಿಯ ಮಗುವಿಗೆಂದು ಕಿತ್ತಳೆ ಕಟ್ಟಿಕೊಟ್ಟರು, ಆದರೆ ತಾವು ಬರಲಿಲ್ಲ.

ಕಬಿನಿ ಮೇಷ್ಟ್ರು

ಓದಿ ಸಂತೋಷವಾಯಿತು. ಒಂದೇ ಪ್ರಶ್ನೆ: ಹೊರಡುವ ದಿನ ಮಕ್ಕಳು ಅತ್ತರೇ? ಇನ್ನು ಮುಂದೆ ಬೇರೆಯವರನ್ನು ಕಳುಹಿಸಿ ಎಂದು ಶಾಲೆಯವರು ಕೇಳಿದರೇ?

ಬೆಣ್ಣೆನಗರಿ

ಅತ್ತದ್ದು ನಾನು, ಸರ್. ಮಕ್ಕಳು ಚೆಂಡುಹೂವಿನ ಮಾಲೆ ಹಾಕಿ, ಹಣೆಗೆ ಟೀಕಾ ಇಟ್ಟು, ಫುಟ್‌ಬಾಲ್ ಆಡಲು ಓಡಿದರು. ಮೊದಲ ದಿನದಿಂದಲೇ ಹೋಗುವ ತಾರೀಕನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದರಿಂದ ಹಾಗಾಯಿತೆಂದುಕೊಳ್ಳುತ್ತೇನೆ. ಅದು ನಿಮ್ಮ ಬರಹ ಓದಿ ಹೊಳೆದದ್ದು. ಬೇರೆಯವರನ್ನು ಅವರು ಕೇಳಲಿಲ್ಲ. ಗಣಿತದ ಸರ್ ತಮ್ಮ ಕಿತ್ತಳೆಯ ಪಾಠವನ್ನು ಮುಂದಿನ ವರ್ಷ ಒಬ್ಬರೇ ಮಾಡುತ್ತಾರೆ. ಎರಡನೆಯ ತರಗತಿಯವರಿಗೆ ಮಾತ್ರ ತಪ್ಪು ಓದುವವರು ಬೇಕಾಗಿದ್ದಾರೆ, ಆದ್ದರಿಂದ ತಿಂಗಳಿಗೊಂದು ಪತ್ರವನ್ನು ನೇಪಾಳಿಯಲ್ಲಿ ಬರೆದು ಕಳುಹಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಅಲ್ಲಿಯೂ ಹ್ರಸ್ವ–ದೀರ್ಘ ಎಂದೇ ಕರೆಯುತ್ತಾರೆ, ಅಲ್ಲಿಯೂ ಅದರಲ್ಲೇ ಎಲ್ಲರೂ ಎಡವುತ್ತಾರೆ. ಗೆಳತಿ ತಿದ್ದಿಕೊಡುತ್ತೇನೆ ಎಂದಳು, ನಾನು ಬೇಡವೆಂದೆ. ಮೊದಲ ಪತ್ರದಲ್ಲಿ ಹದಿನೇಳು ತಪ್ಪುಗಳಿದ್ದವೆಂದು ನಿನ್ನೆ ಎಣಿಕೆ ಬಂದಿದೆ.